ಮಿನಾಕಾಟಾ ಕುಮಾಗುಸು

ಮಿನಾಕಾಟಾ ಕುಮಾಗುಸು (ಜನನ: ಮೇ 18, 1867 – ಮರಣ: ಡಿಸೆಂಬರ್ 29, 1941) ಜಪಾನಿನ ನಿಸರ್ಗಶಾಸ್ತ್ರಜ್ಞ, ಜಾನಪದ ವಿದ್ವಾಂಸ ಹಾಗೂ ಅರಣ್ಯ ಸಂರಕ್ಷಣೆಯ ಆದ್ಯ ಹೋರಾಟಗಾರರಲ್ಲಿ ಒಬ್ಬರು. ತೇವಭರಿತ ಕಾಡುಗಳಲ್ಲಿ ಕೊಳೆಯುತ್ತ ಬಿದ್ದಿರುವ ಮರದ ದಿಮ್ಮಿಗಳ ಮೇಲೆ ಕಾಣಿಸಿಕೊಳ್ಳುವ ಲೋಳೆ ಶಿಲೀಂಧ್ರಗಳ (ಸ್ಲೈಮ್ ಮೋಲ್ಡ್) ಅಧ್ಯಯನಕ್ಕೆ ಅವರು ತಮ್ಮ ಬದುಕಿನ ಬಹುಭಾಗವನ್ನು ಮೀಸಲಿಟ್ಟರು. ಮಿನಾಕಾಟೆಲ್ಲಾ ಎಂಬ ಲೋಳೆ ಶಿಲೀಂಧ್ರದ ಕುಲಕ್ಕೆ ಅವರ ಹೆಸರನ್ನೇ ಇಡಲಾಗಿದೆ. ಯಾವುದೇ ವಿಶ್ವವಿದ್ಯಾಲಯದ ಪದವಿಯಾಗಲಿ ಹುದ್ದೆಯಾಗಲಿ ಇಲ್ಲದೆ, ಸ್ವತಂತ್ರ ವಿದ್ವಾಂಸರಾಗಿಯೇ ಉಳಿದ ಅವರು ಬ್ರಿಟನ್ನಿನ ನೇಚರ್ ಪತ್ರಿಕೆಯಲ್ಲಿ ಸುಮಾರು 50 ಬರಹಗಳನ್ನು ಪ್ರಕಟಿಸಿದರು. 20ನೆಯ ಶತಮಾನದ ಆರಂಭದಲ್ಲಿ ಜಪಾನ್ ಸರ್ಕಾರವು ಸಣ್ಣಪುಟ್ಟ ಶಿಂಟೋ ದೇವಾಲಯಗಳನ್ನು ವಿಲೀನಗೊಳಿಸಿ, ಅವುಗಳ ಸುತ್ತಲಿನ ದೇವರಕಾಡುಗಳನ್ನು ಕಡಿಯಲು ದಾರಿಮಾಡಿಕೊಟ್ಟಾಗ, ಅದರ ವಿರುದ್ಧ ಹಲವು ವರ್ಷ ಹೋರಾಡಿದ್ದು ಅವರ ಜೀವನದ ಬಹುಮುಖ್ಯ ಘಟ್ಟವಾಗಿದೆ.

ಜಪಾನಿ ಪದ್ಧತಿಯಂತೆ ಮಿನಾಕಾಟಾ ಎಂಬುದು ಮನೆತನದ ಹೆಸರು, ಕುಮಾಗುಸು ಎಂಬುದು ವ್ಯಕ್ತಿನಾಮ. ಜಪಾನಿನಲ್ಲಿ ಅವರನ್ನು ಸಾಮಾನ್ಯವಾಗಿ ಕುಮಾಗುಸು ಎಂದೇ ಕರೆಯುತ್ತಾರೆ.

ಜನನ ಮತ್ತು ಬಾಲ್ಯ

ಕುಮಾಗುಸು ಅವರು ಜಪಾನಿನ ಕಿಯಿ ಪರ್ಯಾಯ ದ್ವೀಪದಲ್ಲಿರುವ ವಕಾಯಾಮಾ ಪಟ್ಟಣದಲ್ಲಿ ಜನಿಸಿದರು. ಅವರ ತಂದೆ ಲೋಹದ ಸಾಮಾನುಗಳ ವ್ಯಾಪಾರಿಯಾಗಿದ್ದರು. ಮುಂದೆ ಈ ಕುಟುಂಬವು ಅಕ್ಕಿಯಿಂದ ತಯಾರಿಸುವ ಸಾಕೆ ಎಂಬ ಮದ್ಯದ ಉದ್ಯಮಕ್ಕೂ ಕೈಹಾಕಿತು. ಕುಮಾಗುಸು ಎಂಬ ಹೆಸರಿನಲ್ಲಿ ಕುಮಾ ಎಂದರೆ ಕರಡಿ, ಕುಸು ಎಂದರೆ ಕರ್ಪೂರದ ಮರ. ಆ ಭಾಗದ ಫುಜಿಶಿರೋ ದೇವಾಲಯದಲ್ಲಿ ಪೂಜೆಗೊಳ್ಳುತ್ತಿದ್ದ ಹಳೆಯ ಕರ್ಪೂರದ ಮರವೊಂದರ ಅನುಗ್ರಹದಿಂದ ಮಕ್ಕಳಿಗೆ ಇಂತಹ ಹೆಸರುಗಳನ್ನು ಇಡುವ ರೂಢಿ ಇತ್ತು. ಹೀಗೆ ದೇವಾಲಯ ಮತ್ತು ಮರ ಎರಡರ ನಂಟೂ ಅವರ ಹೆಸರಿನಲ್ಲಿಯೇ ಸೇರಿಕೊಂಡಿತ್ತು. ಈ ಸಂಗತಿಯನ್ನು ಅವರು ಮುಂದೆ ತಮ್ಮ ಬರಹಗಳಲ್ಲಿ ಪ್ರಸ್ತಾಪಿಸಿದ್ದಾರೆ.

ಬಾಲ್ಯದಿಂದಲೂ ಅವರದು ಅಸಾಧಾರಣ ನೆನಪಿನ ಶಕ್ತಿ. 18ನೆಯ ಶತಮಾನದ ಸಚಿತ್ರ ವಿಶ್ವಕೋಶವಾದ ವಕಾನ್ ಸಾನ್ಸಾಯ್ ಝುಯೆಯನ್ನು ಪರಿಚಿತರ ಮನೆಯಲ್ಲಿ ಓದಿ, ಹಲವು ವರ್ಷಗಳ ಕಾಲ ಅದನ್ನು ತಮ್ಮ ಕೈಯಾರೆ ನಕಲು ಮಾಡಿಕೊಂಡರು. 105 ಸಂಪುಟಗಳ ಈ ಗ್ರಂಥದಲ್ಲಿ ಆಕಾಶ, ಭೂಮಿ, ಮನುಷ್ಯ, ಪ್ರಾಣಿ, ಸಸ್ಯ ಮುಂತಾದವುಗಳ ವಿವರಗಳಿದ್ದವು. ಪುಸ್ತಕಗಳನ್ನು ನಕಲು ಮಾಡುತ್ತ ಕಲಿಯುವ ಈ ಅಭ್ಯಾಸ ಅವರ ಜೀವನದ ಉದ್ದಕ್ಕೂ ಮುಂದುವರಿಯಿತು. ವಕಾಯಾಮಾ ಮಾಧ್ಯಮಿಕ ಶಾಲೆಯಲ್ಲಿ ತೋರಿಯಾಮಾ ಹಿರಾಕು ಎಂಬ ಶಿಕ್ಷಕರು ಅವರಲ್ಲಿ ನಿಸರ್ಗ ವಿಜ್ಞಾನದ ಆಸಕ್ತಿಯನ್ನು ಬೆಳೆಸಿದರು.

ವಿದ್ಯಾಭ್ಯಾಸ

1883ರಲ್ಲಿ ಟೋಕಿಯೋಗೆ ತೆರಳಿದ ಕುಮಾಗುಸು, ಮರುವರ್ಷ ವಿಶ್ವವಿದ್ಯಾಲಯದ ಪೂರ್ವಸಿದ್ಧತಾ ಶಾಲೆಯನ್ನು ಸೇರಿದರು. ಮುಂದೆ ಪ್ರಸಿದ್ಧ ಕಾದಂಬರಿಕಾರರಾದ ನಾತ್ಸುಮೆ ಸೋಸೆಕಿ ಮತ್ತು ಹಾಯ್ಕು ಕವಿಯಾದ ಮಾಸಾವೋಕಾ ಶಿಕಿ ಅಲ್ಲಿ ಅವರ ಸಹಪಾಠಿಗಳಾಗಿದ್ದರು. ಆದರೆ ಕುಮಾಗುಸು ಅವರಿಗೆ ತರಗತಿಯ ಪಾಠಗಳಲ್ಲಿ ಆಸಕ್ತಿ ಇರಲಿಲ್ಲ. ಗ್ರಂಥಾಲಯ, ವಸ್ತುಸಂಗ್ರಹಾಲಯಗಳಲ್ಲಿ ಮತ್ತು ಮಾದರಿಗಳ ಸಂಗ್ರಹಣೆಯಲ್ಲಿಯೇ ಅವರ ಹೆಚ್ಚಿನ ಸಮಯ ಕಳೆಯುತ್ತಿತ್ತು. ಪರೀಕ್ಷೆಯಲ್ಲಿ ಅನುತ್ತೀರ್ಣರಾದ ಅವರು 1886ರಲ್ಲಿ ಶಾಲೆಯನ್ನು ತೊರೆದು ಊರಿಗೆ ಮರಳಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ತಂದೆಯ ಒಪ್ಪಿಗೆ ಪಡೆದು ಅಮೆರಿಕಕ್ಕೆ ಹಡಗು ಹತ್ತಿದರು.

ಅಮೆರಿಕ ಮತ್ತು ಕ್ಯೂಬಾದಲ್ಲಿ

1887ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಲುಪಿದ ಕುಮಾಗುಸು ಮೊದಲು ಅಲ್ಲಿನ ವಾಣಿಜ್ಯ ಕಾಲೇಜೊಂದನ್ನು, ಬಳಿಕ ಮಿಶಿಗನ್ ರಾಜ್ಯದ ಕೃಷಿ ಕಾಲೇಜನ್ನು ಸೇರಿದರು. ಮದ್ಯಪಾನಕ್ಕೆ ಸಂಬಂಧಿಸಿದ ಪ್ರಕರಣವೊಂದರ ನಂತರ ಕೃಷಿ ಕಾಲೇಜನ್ನೂ ಬಿಟ್ಟರು. ಅಲ್ಲಿಗೆ ಅವರ ಔಪಚಾರಿಕ ಶಿಕ್ಷಣ ಮುಗಿಯಿತು. ಆ್ಯನ್ ಆರ್ಬರ್ ಪಟ್ಟಣದಲ್ಲಿ ನೆಲೆಸಿ, ಸುತ್ತಲಿನ ಕಾಡುಗಳಲ್ಲಿ ಅಲೆಯುತ್ತ ಶಿಲೀಂಧ್ರ, ಪಾಚಿ ಮತ್ತು ಕಲ್ಲುಹೂವುಗಳನ್ನು ಸಂಗ್ರಹಿಸತೊಡಗಿದರು. ಹೂ ಬಿಡದ ಇಂತಹ ಜೀವಿಗಳ ಬಗ್ಗೆ ಆಗ ಹೆಚ್ಚಿನ ಅಧ್ಯಯನ ನಡೆದಿರಲಿಲ್ಲ. ಕಲ್ಲುಹೂವುಗಳ ಸಂಗ್ರಾಹಕರಾಗಿದ್ದ ವಿಲಿಯಂ ಕಾಲ್ಕಿನ್ಸ್ ಅವರೊಂದಿಗೆ ಪತ್ರವ್ಯವಹಾರ ನಡೆಸಿ ಈ ಕ್ಷೇತ್ರದ ಪರಿಚಯ ಮಾಡಿಕೊಂಡರು.

1891ರಲ್ಲಿ ಅವರು ದಕ್ಷಿಣದ ಫ್ಲಾರಿಡಾಗೆ, ಅಲ್ಲಿಂದ ಕ್ಯೂಬಾಗೆ ಹೋದರು. ಕ್ಯೂಬಾದಲ್ಲಿ ಅವರು ಸಂಗ್ರಹಿಸಿದ ಕಲ್ಲುಹೂವೊಂದನ್ನು ಯುರೋಪಿನ ತಜ್ಞ ನೈಲ್ಯಾಂಡರ್ ಹೊಸ ಪ್ರಭೇದವೆಂದು ಗುರುತಿಸಿದರು. ಈ ಅವಧಿಯಲ್ಲಿ ಸರ್ಕಸ್ ಕಂಪೆನಿಯೊಂದರ ಜೊತೆ ವೆಸ್ಟ್ ಇಂಡೀಸ್ ಪ್ರದೇಶದಲ್ಲಿ ಸಂಚರಿಸಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ಮರಳಿ ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ಗೆ ಬಂದು, ಚೀನಾ ಮೂಲದ ದಿನಸಿ ವ್ಯಾಪಾರಿಯೊಬ್ಬರ ಆಶ್ರಯದಲ್ಲಿದ್ದುಕೊಂಡು ಸಂಗ್ರಹ ಕಾರ್ಯ ಮುಂದುವರಿಸಿದರು. 1892ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡ್ ತಲುಪಿದರು. ತಂದೆ ತೀರಿಕೊಂಡ ಸುದ್ದಿ ಲಂಡನ್ನಿನಲ್ಲಿ ಅವರಿಗಾಗಿ ಕಾದಿತ್ತು.

ಲಂಡನ್ ವಾಸ

ಕುಮಾಗುಸು ಲಂಡನ್ನಿನಲ್ಲಿ ಎಂಟು ವರ್ಷ ಇದ್ದರು. 1893ರ ಅಕ್ಟೋಬರ್‌ನಲ್ಲಿ ದೂರಪ್ರಾಚ್ಯ ದೇಶಗಳ ನಕ್ಷತ್ರ ಪುಂಜಗಳನ್ನು ಕುರಿತ ಅವರ ಲೇಖನ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಚೀನಾ ಮತ್ತು ಭಾರತದ ನಕ್ಷತ್ರ ಕಲ್ಪನೆಗಳನ್ನು ಹೋಲಿಸಿದ ಈ ಬರಹ ಅವರಿಗೆ ವಿದ್ವತ್ ವಲಯದ ಬಾಗಿಲು ತೆರೆಯಿತು. ಬ್ರಿಟಿಷ್ ಮ್ಯೂಸಿಯಮ್ಮಿನ ಹಿರಿಯ ಅಧಿಕಾರಿ ಆಗಸ್ಟಸ್ ಫ್ರ್ಯಾಂಕ್ಸ್ ಅವರ ಪರಿಚಯದಿಂದ ಅಲ್ಲಿನ ವಾಚನಾಲಯಕ್ಕೆ ಪ್ರವೇಶ ದೊರೆಯಿತು. ಪೌರ್ವಾತ್ಯ ಪುಸ್ತಕ ವಿಭಾಗದ ಮುಖ್ಯಸ್ಥ ರಾಬರ್ಟ್ ಡಗ್ಲಸ್ ಅವರಿಗೆ ಚೀನೀ ಮತ್ತು ಜಪಾನಿ ಗ್ರಂಥಗಳ ಪಟ್ಟಿ ತಯಾರಿಕೆಯಲ್ಲಿ ಕುಮಾಗುಸು ನೆರವಾದರು.

ವಾಚನಾಲಯದಲ್ಲಿ ಕುಳಿತು ಇಂಗ್ಲಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್, ಲ್ಯಾಟಿನ್ ಮುಂತಾದ ಭಾಷೆಗಳ ಪ್ರವಾಸಕಥನ, ಮಾನವಶಾಸ್ತ್ರ ಮತ್ತು ಜಾನಪದ ಗ್ರಂಥಗಳಿಂದ ಅವರು ಬರೆದುಕೊಂಡ ಟಿಪ್ಪಣಿಗಳು 52 ದಪ್ಪ ಪುಸ್ತಕಗಳಷ್ಟಾದವು. ಲಂಡನ್ ಟಿಪ್ಪಣಿಗಳು ಎಂದು ಹೆಸರಾದ ಇವು ಅವರ ಮುಂದಿನ ಎಲ್ಲ ಬರಹಗಳಿಗೂ ಆಕರಗಳಾದವು. 1897ರಲ್ಲಿ ಡಗ್ಲಸ್ ಅವರ ಕಚೇರಿಯಲ್ಲಿ ಚೀನಾದ ಕ್ರಾಂತಿಕಾರಿ ನಾಯಕ ಸುನ್ ಯಾತ್ ಸೆನ್ ಅವರ ಭೇಟಿಯಾಗಿ, ಇಬ್ಬರೂ ಆಪ್ತರಾದರು. ಬೌದ್ಧ ಭಿಕ್ಷು ದೋಕಿ ಹೋರ್ಯು ಅವರ ಪರಿಚಯವಾದದ್ದೂ ಲಂಡನ್ನಿನಲ್ಲಿಯೇ.

ಕುಮಾಗುಸು ಅವರದು ಮುಂಗೋಪದ ಸ್ವಭಾವ. 1897ರಲ್ಲಿ ವಾಚನಾಲಯದಲ್ಲಿ ಮತ್ತೊಬ್ಬ ಓದುಗನ ಮೇಲೆ ಕೈಮಾಡಿದ ಅವರು, ಮರುವರ್ಷ ಮತ್ತೆ ಗಲಾಟೆ ಮಾಡಿದ್ದರಿಂದ ಅಲ್ಲಿನ ಪ್ರವೇಶವನ್ನು ಕಳೆದುಕೊಂಡರು. ಊರಿನಿಂದ ಬರುತ್ತಿದ್ದ ಹಣವೂ ನಿಂತುಹೋದಾಗ, 1900ರ ಸೆಪ್ಟೆಂಬರ್‌ನಲ್ಲಿ ಲಂಡನ್ನನ್ನು ಬಿಟ್ಟು ಅಕ್ಟೋಬರ್‌ನಲ್ಲಿ ಜಪಾನಿಗೆ ಮರಳಿದರು. ಸುಮಾರು ಹದಿನಾಲ್ಕು ವರ್ಷ ವಿದೇಶದಲ್ಲಿದ್ದು ಒಂದು ಪದವಿಯನ್ನೂ ಗಳಿಸದೆ ಬಂದ ಅಣ್ಣನನ್ನು ಕಂಡು ಮನೆಯವರಿಗೆ ಸಂತೋಷವಾಗಲಿಲ್ಲ. ಮನೆತನದ ವ್ಯವಹಾರವನ್ನು ನಡೆಸುತ್ತಿದ್ದ ತಮ್ಮ ತ್ಸುನೆಗುಸು ಅವರ ಹಣದ ನೆರವಿನ ಮೇಲೆಯೇ ಕುಮಾಗುಸು ಬಹುಕಾಲ ಬದುಕಬೇಕಾಯಿತು. ಇದು ಮುಂದೆ ಸಹೋದರರ ನಡುವಿನ ವಿರಸಕ್ಕೂ ಕಾರಣವಾಯಿತು.

ನಾಚಿ ಕಾಡಿನಲ್ಲಿ

1901ರ ಕೊನೆಯಲ್ಲಿ ಕುಮಾಗುಸು ಕಿಯಿ ಪರ್ಯಾಯ ದ್ವೀಪದ ದಕ್ಷಿಣಕ್ಕಿರುವ ಕುಮಾನೋ ಪ್ರದೇಶಕ್ಕೆ ಹೋದರು. ಹೆಚ್ಚು ಮಳೆ ಬೀಳುವ ಈ ಬೆಟ್ಟಗಳು ಪ್ರಾಚೀನ ಕಾಲದಿಂದಲೂ ಯಾತ್ರಾಸ್ಥಳಗಳಾಗಿವೆ. 133 ಮೀಟರ್ ಎತ್ತರದ ನಾಚಿ ಜಲಪಾತವನ್ನು ಅಲ್ಲಿ ದೈವವೆಂದೇ ಪೂಜಿಸುತ್ತಾರೆ. ಜಲಪಾತದ ಸಮೀಪದ ಹಳ್ಳಿಯ ಛತ್ರವೊಂದರಲ್ಲಿ ನೆಲೆಸಿ, 1904ರವರೆಗೆ ನಾಚಿಯ ಕಾಡುಗಳಲ್ಲಿ ಒಬ್ಬಂಟಿಯಾಗಿ ತಿರುಗುತ್ತ ಶಿಲೀಂಧ್ರ, ಪಾಚಿ, ಕಲ್ಲುಹೂವು ಮತ್ತು ಲೋಳೆ ಶಿಲೀಂಧ್ರಗಳನ್ನು ಸಂಗ್ರಹಿಸಿದರು. ಹಗಲು ಸಂಗ್ರಹ, ರಾತ್ರಿ ಸೂಕ್ಷ್ಮದರ್ಶಕದ ಮುಂದೆ ಚಿತ್ರರಚನೆ ಮತ್ತು ಓದು ಅವರ ದಿನಚರಿಯಾಗಿತ್ತು. ಪ್ರತಿಯೊಂದು ಅಣಬೆಯನ್ನೂ ಬಣ್ಣದಲ್ಲಿ ಚಿತ್ರಿಸಿ, ಒಣಗಿಸಿದ ಮಾದರಿಯನ್ನು ಅದೇ ಹಾಳೆಗೆ ಅಂಟಿಸಿ, ಸುತ್ತಲೂ ಇಂಗ್ಲಿಷಿನಲ್ಲಿ ವಿವರಗಳನ್ನು ಬರೆಯುವ ವಿಧಾನವನ್ನು ಅವರು ರೂಢಿಸಿಕೊಂಡಿದ್ದರು.

ನಾಚಿಯಿಂದ ಅವರು ದೋಕಿ ಹೋರ್ಯು ಅವರಿಗೆ ಬರೆದ ದೀರ್ಘ ಪತ್ರಗಳು ತಾತ್ವಿಕ ಚಿಂತನೆಗಳಿಂದ ಕೂಡಿವೆ. 1903ರ ಪತ್ರವೊಂದರಲ್ಲಿ ಅವರು ಒಂದನ್ನೊಂದು ಹಾದುಹೋಗುವ ಅನೇಕ ರೇಖೆಗಳ ಚಿತ್ರವೊಂದನ್ನು ಬರೆದರು. ಜಗತ್ತಿನ ಯಾವ ಘಟನೆಯೂ ಬಿಡಿಯಾಗಿ ನಡೆಯುವುದಿಲ್ಲ, ಹಲವು ಕಾರಣಗಳ ಎಳೆಗಳು ಸಂಧಿಸುವ ಬಿಂದುಗಳಿಂದ ಇಡೀ ಜಾಲವನ್ನು ಅರಿಯಲು ತೊಡಗಬೇಕು ಎಂಬುದು ಅದರ ತಾತ್ಪರ್ಯ. ಭಾರತೀಯ ತತ್ವಶಾಸ್ತ್ರದ ವಿದ್ವಾಂಸ ನಕಾಮುರಾ ಹಾಜಿಮೆ ಬಹುಕಾಲದ ನಂತರ ಈ ಚಿತ್ರವನ್ನು ಮಂಡಲ ಎಂದು ಕರೆದರು. ಇಂದು ಅದು ಮಿನಾಕಾಟಾ ಮಂಡಲ ಎಂದು ಪ್ರಸಿದ್ಧವಾಗಿದೆ.

ಲೋಳೆ ಶಿಲೀಂಧ್ರಗಳ ಅಧ್ಯಯನ

ಲೋಳೆ ಶಿಲೀಂಧ್ರಗಳು ಹೆಸರಿಗೆ ಶಿಲೀಂಧ್ರಗಳಾದರೂ ವಾಸ್ತವದಲ್ಲಿ ಶಿಲೀಂಧ್ರಗಳಲ್ಲ. ಇವುಗಳ ಬದುಕಿನಲ್ಲಿ ಒಂದಕ್ಕೊಂದು ಹೋಲಿಕೆಯೇ ಇಲ್ಲದ ಎರಡು ಘಟ್ಟಗಳಿವೆ. ಮೊದಲನೆಯ ಘಟ್ಟದಲ್ಲಿ ಪ್ಲಾಸ್ಮೋಡಿಯಂ ಎಂದು ಕರೆಯಲಾಗುವ ಲೋಳೆಯ ಪದರವು ಕೊಳೆತ ಮರದ ಒಳಗೂ ಹೊರಗೂ ನಿಧಾನವಾಗಿ ಹರಿದಾಡುತ್ತ, ಬ್ಯಾಕ್ಟೀರಿಯಾ ಮುಂತಾದ ಸೂಕ್ಷ್ಮಜೀವಿಗಳನ್ನು ನುಂಗಿ ಬೆಳೆಯುತ್ತದೆ. ಈ ಪದರವು ಅಸಂಖ್ಯ ಕೋಶಕೇಂದ್ರಗಳಿರುವ ಒಂದೇ ಜೀವಕೋಶ. ಹಳದಿ, ಬಿಳಿ, ಕೆಂಪು ಮುಂತಾದ ಬಣ್ಣಗಳಲ್ಲಿ ಇದು ಕಾಣಸಿಗುತ್ತದೆ. ಎರಡನೆಯ ಘಟ್ಟದಲ್ಲಿ ಈ ಲೋಳೆ ಚಲನೆಯನ್ನು ನಿಲ್ಲಿಸಿ, ಕೆಲವೇ ಮಿಲಿಮೀಟರ್ ಎತ್ತರದ, ತೊಟ್ಟಿನ ಮೇಲೆ ನಿಂತ ಪುಟ್ಟ ಬೀಜಕಕೋಶಗಳಾಗಿ ರೂಪಾಂತರಗೊಳ್ಳುತ್ತದೆ. ಅವು ಒಡೆದಾಗ ಧೂಳಿನಂತಹ ಬೀಜಕಗಳು ಗಾಳಿಯಲ್ಲಿ ಹರಡುತ್ತವೆ. ತೇವ ದೊರೆತಲ್ಲಿ ಬೀಜಕಗಳು ಒಡೆದು ಹೊಸ ಜೀವಕೋಶಗಳು ಹೊರಬಂದು ಚಕ್ರ ಮತ್ತೆ ಆರಂಭವಾಗುತ್ತದೆ.

ಪ್ರಾಣಿಯಂತೆ ಚಲಿಸಿ ಆಹಾರ ನುಂಗುವ, ಶಿಲೀಂಧ್ರದಂತೆ ಬೀಜಕಗಳನ್ನು ಬಿಡುವ ಈ ಜೀವಿಗಳನ್ನು ಯಾವ ಗುಂಪಿಗೆ ಸೇರಿಸಬೇಕೆಂಬುದು 19ನೆಯ ಶತಮಾನದ ವಿಜ್ಞಾನಿಗಳಿಗೆ ಒಗಟಾಗಿತ್ತು. ಜರ್ಮನ್ ವಿಜ್ಞಾನಿ ಆಂಟನ್ ಡಿ ಬಾರಿ ಇವು ಪ್ರಾಣಿಗಳಿಗೆ ಹತ್ತಿರವೆಂದು ವಾದಿಸಿದ್ದರು. ಕುಮಾಗುಸು ಅವರೂ ಇದೇ ನಿಲುವನ್ನು ಹೊಂದಿದ್ದರು. ಇಂದಿನ ವರ್ಗೀಕರಣದಲ್ಲಿ ಇವುಗಳನ್ನು ಅಮೀಬಾಗಳ ಬಳಗಕ್ಕೆ ಸೇರಿಸಲಾಗಿದೆ.

ಈ ಜೀವಿಗಳಲ್ಲಿ ಕುಮಾಗುಸು ಅವರನ್ನು ಸೆಳೆದದ್ದು ವರ್ಗೀಕರಣದ ಪ್ರಶ್ನೆಯೊಂದೇ ಅಲ್ಲ. ಎಂಜಲಿನಂತೆ ಕಾಣುವ ಲೋಳೆಯನ್ನು ಜನರು ನಿರ್ಜೀವವೆಂದು ಕಡೆಗಣಿಸುತ್ತಾರೆ, ಆದರೆ ಜೀವಿ ಪೂರ್ಣವಾಗಿ ಬದುಕಿರುವುದು ಆಗಲೇ. ಸುಂದರವಾದ ಬೀಜಕಕೋಶಗಳು ಎದ್ದುನಿಂತಾಗ ಅದು ಚಿಗುರಿತೆಂದು ತಿಳಿಯುತ್ತಾರೆ, ಆದರೆ ಅಷ್ಟರಲ್ಲಿ ಲೋಳೆಯ ಬದುಕು ಮುಗಿದಿರುತ್ತದೆ ಎಂದು ಅವರು ಪತ್ರವೊಂದರಲ್ಲಿ ವಿವರಿಸಿದ್ದಾರೆ. ಹುಟ್ಟು ಮತ್ತು ಸಾವುಗಳ ನಡುವಿನ ಗೆರೆ ಮನುಷ್ಯರು ಭಾವಿಸುವಷ್ಟು ಸ್ಪಷ್ಟವಲ್ಲ ಎಂಬ ಬೌದ್ಧ ಚಿಂತನೆಗೆ ಲೋಳೆ ಶಿಲೀಂಧ್ರವು ಅವರಿಗೆ ಕಣ್ಣಿಗೆ ಕಾಣುವ ಉದಾಹರಣೆಯಾಗಿತ್ತು.

1904ರ ಅಕ್ಟೋಬರ್‌ನಲ್ಲಿ ಅವರು ಕರಾವಳಿಯ ತಾನಾಬೆ ಪಟ್ಟಣಕ್ಕೆ ಬಂದರು. ಮುಂದಿನ 37 ವರ್ಷ, ಜೀವನದ ಕೊನೆಯವರೆಗೂ, ಅದೇ ಅವರ ಊರಾಯಿತು. ಅಲ್ಲಿಂದ ಅವರು ಲೋಳೆ ಶಿಲೀಂಧ್ರಗಳ ಬ್ರಿಟಿಷ್ ತಜ್ಞ ಆರ್ಥರ್ ಲಿಸ್ಟರ್ ಅವರಿಗೆ ಮಾದರಿಗಳನ್ನು ಕಳುಹಿಸತೊಡಗಿದರು. 1908ರಲ್ಲಿ ಆರ್ಥರ್ ನಿಧನರಾದ ಬಳಿಕ ಅವರ ಮಗಳು ಗುಲಿಯೆಲ್ಮಾ ಲಿಸ್ಟರ್ ಈ ಕೆಲಸವನ್ನು ಮುಂದುವರಿಸಿದರು. ಗುಲಿಯೆಲ್ಮಾ ಸಹ ಈ ಕ್ಷೇತ್ರದ ಅಧಿಕೃತ ವಿದ್ವಾಂಸೆಯಾಗಿದ್ದು, ಬ್ರಿಟಿಷ್ ಶಿಲೀಂಧ್ರಶಾಸ್ತ್ರ ಸಂಘದ ಅಧ್ಯಕ್ಷೆಯೂ ಆಗಿದ್ದರು. 1917ರಲ್ಲಿ ಕುಮಾಗುಸು ತಮ್ಮ ಮನೆಯಂಗಳದ ಪರ್ಸಿಮನ್ ಹಣ್ಣಿನ ಮರದ ಮೇಲೆ ವಿಚಿತ್ರವಾದ ಲೋಳೆ ಶಿಲೀಂಧ್ರವೊಂದನ್ನು ಕಂಡರು. ಬಹುಪಾಲು ಲೋಳೆ ಶಿಲೀಂಧ್ರಗಳು ಸತ್ತ ಮರದ ಮೇಲೆ ಬೆಳೆದರೆ, ಇದು ಜೀವಂತ ಮರದ ತೊಗಟೆಯ ಮೇಲಿತ್ತು. ಗುಲಿಯೆಲ್ಮಾ ಇದನ್ನು ಪರಿಶೀಲಿಸಿ ಹೊಸ ಕುಲವೆಂದು ನಿರ್ಧರಿಸಿ, 1921ರಲ್ಲಿ ಮಿನಾಕಾಟೆಲ್ಲಾ ಲಾಂಗಿಫಿಲಾ ಎಂದು ನಾಮಕರಣ ಮಾಡಿದರು. ಲಾಂಗಿಫಿಲಾ ಎಂದರೆ ಉದ್ದನೆಯ ಎಳೆಗಳುಳ್ಳದ್ದು ಎಂದರ್ಥ.

ಕೌಟುಂಬಿಕ ಜೀವನ

1906ರಲ್ಲಿ ಕುಮಾಗುಸು ತಾನಾಬೆಯ ತೋಕೇ ದೇವಾಲಯದ ಅರ್ಚಕರ ಮಗಳು ಮಾತ್ಸುಯೆ ಅವರನ್ನು ವಿವಾಹವಾದರು. ದಂಪತಿಗೆ 1907ರಲ್ಲಿ ಮಗ ಕುಮಾಯಾ ಮತ್ತು 1911ರಲ್ಲಿ ಮಗಳು ಫುಮಿಯೆ ಜನಿಸಿದರು. ಮಗ ಕುಮಾಯಾ 1925ರಲ್ಲಿ ಉನ್ನತ ಶಾಲೆಯ ಪರೀಕ್ಷೆಗೆಂದು ಹೊರಟಾಗ ಮಾನಸಿಕ ಅಸ್ವಸ್ಥತೆಗೆ ಒಳಗಾದರು. ಮಗನ ಆರೈಕೆಯ ಚಿಂತೆ ಕುಮಾಗುಸು ಅವರನ್ನು ಕೊನೆಯವರೆಗೂ ಕಾಡಿತು. ಮಗಳು ಫುಮಿಯೆ ತಂದೆಯ ಅಣಬೆ ಚಿತ್ರಗಳ ರಚನೆಯಲ್ಲಿ ನೆರವಾದದ್ದಲ್ಲದೆ, ಅವರ ಮರಣಾನಂತರ ಹಸ್ತಪ್ರತಿಗಳನ್ನೂ ಮಾದರಿಗಳನ್ನೂ ದಶಕಗಳ ಕಾಲ ಕಾಪಾಡಿದರು.

ದೇವಾಲಯ ವಿಲೀನದ ವಿರುದ್ಧ ಹೋರಾಟ

1906ರಲ್ಲಿ ಜಪಾನ್ ಸರ್ಕಾರವು ಒಂದು ಗ್ರಾಮಕ್ಕೆ ಒಂದೇ ದೇವಾಲಯ ಎಂಬ ನೀತಿಯನ್ನು ಜಾರಿಗೆ ತಂದಿತು. ಹೆಚ್ಚಿನ ಆದಾಯವಿಲ್ಲದ ಸಣ್ಣ ದೇವಾಲಯಗಳನ್ನು ಮುಚ್ಚಿ, ಅವುಗಳ ದೇವತೆಗಳನ್ನು ದೊಡ್ಡ ದೇವಾಲಯಗಳಲ್ಲಿ ಸೇರಿಸುವುದು, ಉಳಿದ ದೇವಾಲಯಗಳನ್ನು ಉತ್ತಮ ಸ್ಥಿತಿಯಲ್ಲಿಡುವುದು ಇದರ ಘೋಷಿತ ಉದ್ದೇಶ. ಮುಚ್ಚಿದ ದೇವಾಲಯಗಳ ಜಮೀನನ್ನೂ ಮರಗಳನ್ನೂ ಮಾರಲು ಇದರಿಂದ ಅವಕಾಶವಾಯಿತು. ಮುಂದಿನ ಕೆಲವು ವರ್ಷಗಳಲ್ಲಿ ದೇಶದಾದ್ಯಂತ ಸುಮಾರು 70,000 ದೇವಾಲಯಗಳು ಇಲ್ಲವಾದವು. ವಕಾಯಾಮಾ ಮತ್ತು ನೆರೆಯ ಮಿಯೆ ಪ್ರಾಂತ್ಯಗಳಲ್ಲಿ ಈ ನೀತಿ ವಿಶೇಷ ಕಠೋರತೆಯಿಂದ ಜಾರಿಯಾಯಿತು.

ಜಪಾನಿನ ಹಳ್ಳಿಗಳಲ್ಲಿ ದೇವಾಲಯದ ಸುತ್ತಲಿನ ಮರಗಳನ್ನು ಕಡಿಯುವುದು ನಿಷಿದ್ಧವಾಗಿತ್ತು. ಆದ್ದರಿಂದ ಸುತ್ತಲಿನ ಬೆಟ್ಟಗಳು ಬೋಳಾದರೂ ದೇವರಕಾಡುಗಳಲ್ಲಿ ಶತಮಾನಗಳಷ್ಟು ಹಳೆಯ ಮರಗಳು, ಅವುಗಳ ನೆರಳಿನಲ್ಲಿ ಬಿದ್ದು ಕೊಳೆಯುವ ದಿಮ್ಮಿಗಳು, ಆ ದಿಮ್ಮಿಗಳನ್ನು ಅವಲಂಬಿಸಿದ ಸೂಕ್ಷ್ಮಜೀವಿಗಳು ಉಳಿದುಬಂದಿದ್ದವು. ತಾನಾಬೆ ಸಮೀಪದ ಇತೋದಾ ಎಂಬಲ್ಲಿನ ಪುಟ್ಟ ಗುಡಿಯ ಬಳಿಯ ಮರದಲ್ಲಿ ಕುಮಾಗುಸು ಅಪೂರ್ವ ಲೋಳೆ ಶಿಲೀಂಧ್ರವೊಂದನ್ನು ಕಂಡುಹಿಡಿದಿದ್ದರು. ಆರ್ಸಿರಿಯಾ ಗ್ಲಾಕಾ ಎಂಬ ಹೆಸರು ಪಡೆದ ಅದು ವಿಜ್ಞಾನಕ್ಕೆ ಹೊಸದಾಗಿತ್ತು. ಆದರೆ ಆ ಗುಡಿಯೂ ವಿಲೀನಗೊಂಡು, ಅಲ್ಲಿನ ಮರಗಳನ್ನು ಕಡಿದುಹಾಕಲಾಯಿತು. ಮರ ಹೋದ ಮೇಲೆ ನೆರಳೂ ತೇವವೂ ಉಳಿಯಲಿಲ್ಲ. ತಾವು ಅಧ್ಯಯನ ಮಾಡುತ್ತಿದ್ದ ಜೀವಿಗಳು ಹೆಸರು ಪಡೆಯುವ ಮೊದಲೇ ನಾಶವಾಗುತ್ತಿರುವುದನ್ನು ಕಂಡ ಕುಮಾಗುಸು, 1909ರಿಂದ ಸ್ಥಳೀಯ ಪತ್ರಿಕೆಗಳಲ್ಲಿ ವಿಲೀನದ ವಿರುದ್ಧ ನಿರಂತರವಾಗಿ ಬರೆಯತೊಡಗಿದರು.

1910ರ ಆಗಸ್ಟ್‌ನಲ್ಲಿ ವಿಲೀನದ ಪರವಾಗಿದ್ದ ಪ್ರಾಂತ್ಯದ ಅಧಿಕಾರಿಯೊಬ್ಬರು ತಾನಾಬೆಯ ಶಾಲೆಯೊಂದರ ಸಭೆಗೆ ಬಂದಿದ್ದರು. ಅವರನ್ನು ಕಾಣಲು ಹೋದ ಕುಮಾಗುಸು ಅವರಿಗೆ ಪ್ರವೇಶ ಸಿಗಲಿಲ್ಲ. ಮದ್ಯದ ಅಮಲಿನಲ್ಲಿದ್ದ ಅವರು ಒಳನುಗ್ಗಿ, ಕೈಯಲ್ಲಿದ್ದ ಚೀಲವನ್ನು ಎಸೆದು ರಂಪಮಾಡಿದರು. ಪರಿಣಾಮವಾಗಿ ಬಂಧನಕ್ಕೊಳಗಾಗಿ ಹದಿನೆಂಟು ದಿನ ಸೆರೆಯಲ್ಲಿದ್ದರು. ಸೆರೆಮನೆಯಲ್ಲಿಯೂ ಅವರು ಲೋಳೆ ಶಿಲೀಂಧ್ರವೊಂದನ್ನು ಪತ್ತೆಹಚ್ಚಿದರೆಂದು ಹೇಳಲಾಗುತ್ತದೆ. ಅಂತಿಮವಾಗಿ ಅವರಿಗೆ ಶಿಕ್ಷೆಯಾಗಲಿಲ್ಲ.

1911ರಲ್ಲಿ ಜಪಾನಿ ಜಾನಪದ ಅಧ್ಯಯನದ ಪ್ರವರ್ತಕರೂ ಸರ್ಕಾರದ ಅಧಿಕಾರಿಯೂ ಆಗಿದ್ದ ಯಾನಾಗಿತಾ ಕುನಿಯೋ ಅವರೊಡನೆ ಕುಮಾಗುಸು ಅವರ ಪತ್ರವ್ಯವಹಾರ ಆರಂಭವಾಯಿತು. ಟೋಕಿಯೋದ ಸಸ್ಯಶಾಸ್ತ್ರಜ್ಞ ಮಾತ್ಸುಮುರಾ ಜಿನ್ಝೋ ಅವರಿಗೆ ಕುಮಾಗುಸು ಬರೆದ ಎರಡು ದೀರ್ಘ ಪತ್ರಗಳನ್ನು ಯಾನಾಗಿತಾ ಪುಸ್ತಿಕೆಯಾಗಿ ಮುದ್ರಿಸಿ ಗಣ್ಯರಿಗೆ ಹಂಚಿದರು. ಇದರಿಂದ ಸಣ್ಣ ಪಟ್ಟಣವೊಂದರ ಹೋರಾಟ ರಾಜಧಾನಿಗೆ ತಲುಪಿತು. ಅದೇ ವರ್ಷ ವಕಾಯಾಮಾದ ರಾಜ್ಯಪಾಲರಿಗೆ ಬರೆದ ಪತ್ರದಲ್ಲಿ ಕುಮಾಗುಸು ಇಕಾಲಜಿ ಎಂಬ ಪದವನ್ನು ಬಳಸಿ, ಮರಗಿಡಗಳ ಪರಸ್ಪರ ಸಂಬಂಧವನ್ನು ಅರಿಯುವ ಈ ಹೊಸ ವಿಜ್ಞಾನಕ್ಕೆ ದೇವರಕಾಡುಗಳು ಅಗತ್ಯವೆಂದು ವಿವರಿಸಿದರು. ಜಪಾನಿನಲ್ಲಿ ಈ ಪದ ಆಗಿನ್ನೂ ಅಪರೂಪವಾಗಿತ್ತು.

1912ರಲ್ಲಿ ಸಸ್ಯಶಾಸ್ತ್ರಜ್ಞ ಶಿರಾಯ್ ಮಿತ್ಸುತಾರೋ ಅವರಿಗೆ ಕಳುಹಿಸಿದ ಅಭಿಪ್ರಾಯ ಪತ್ರದಲ್ಲಿ ವಿಲೀನದಿಂದಾಗುವ ಎಂಟು ಹಾನಿಗಳನ್ನು ಅವರು ಪಟ್ಟಿಮಾಡಿದರು. ದೈವಭಕ್ತಿಯ ಕ್ಷೀಣತೆ, ಜನರ ಒಗ್ಗಟ್ಟಿನ ಭಂಗ, ಹಳ್ಳಿಗಳ ಅವನತಿ, ಜನರ ನೆಮ್ಮದಿಯ ನಾಶ, ದೇಶಪ್ರೇಮಕ್ಕೆ ಧಕ್ಕೆ, ಊರಿನ ಸುರಕ್ಷತೆಗೆ ಕುಂದು, ಚಾರಿತ್ರಿಕ ಕುರುಹುಗಳ ಅಳಿವು ಮತ್ತು ನಿಸರ್ಗ ಸಂಪತ್ತಿನ ನಾಶ ಎಂಬವು ಆ ಎಂಟು. ಕಾಡಿನ ಉಳಿವು ಅವರ ದೃಷ್ಟಿಯಲ್ಲಿ ಕೇವಲ ಸಸ್ಯಶಾಸ್ತ್ರದ ವಿಷಯವಾಗಿರಲಿಲ್ಲ. ಸೂಕ್ಷ್ಮಜೀವಿಗೆ ಮರ, ಮರಕ್ಕೆ ದೇವಾಲಯ, ದೇವಾಲಯಕ್ಕೆ ಊರಿನ ಜನರು ಆಧಾರವೆಂದು ಅವರು ಭಾವಿಸಿದ್ದರು.

ಈ ಹೋರಾಟದಲ್ಲಿ ಸೋಲುಗಳೇ ಹೆಚ್ಚು. ಮನವಿಗಳು ತಲುಪುವ ಮೊದಲೇ ಅನೇಕ ಕಾಡುಗಳು ಕೊಡಲಿಗೆ ಬಲಿಯಾದವು. ಆದರೂ ಕೆಲವು ಉಳಿದವು. ಕುಮಾನೋ ಯಾತ್ರಾಮಾರ್ಗದ ತ್ಸುಗಿಝಾಕುರಾ ಎಂಬಲ್ಲಿ ಕೊಂಬೆಗಳೆಲ್ಲ ಒಂದೇ ದಿಕ್ಕಿಗೆ ಚಾಚಿದ ಬೃಹತ್ ಸುಗಿ ಮರಗಳ ಸಾಲಿನ ಒಂದಷ್ಟು ಮರಗಳು ಅವರ ಪ್ರಯತ್ನದಿಂದ ಉಳಿದು ಇಂದಿಗೂ ನಿಂತಿವೆ. ತಾನಾಬೆ ಕೊಲ್ಲಿಯ ಕಾಶಿಮಾ ಎಂಬ ಪುಟ್ಟ ದ್ವೀಪದ ಕಾಡನ್ನು ಕಡಿಯುವ ಕೆಲಸವೂ ನಿಂತಿತು. ವಕಾಯಾಮಾದ ಪ್ರತಿನಿಧಿಯೊಬ್ಬರು ಸಂಸತ್ತಿನಲ್ಲಿ ಈ ಪ್ರಶ್ನೆಯನ್ನು ಎತ್ತಿದರು. ಕಾಲಕ್ರಮೇಣ ವಿಲೀನದ ವೇಗ ತಗ್ಗಿ, 1920ರ ಹೊತ್ತಿಗೆ ಸರ್ಕಾರ ಈ ನೀತಿಯನ್ನು ಕೈಬಿಟ್ಟಿತು.

ಬರಹಗಳು

ಕುಮಾಗುಸು ಇಂಗ್ಲಿಷ್ ಮತ್ತು ಜಪಾನಿ ಭಾಷೆಗಳೆರಡರಲ್ಲಿಯೂ ಬರೆದರು. ನೇಚರ್ ಅಲ್ಲದೆ ನೋಟ್ಸ್ ಆ್ಯಂಡ್ ಕ್ವೆರೀಸ್ ಎಂಬ ಬ್ರಿಟಿಷ್ ಪತ್ರಿಕೆಯಲ್ಲಿ ಅವರ 300ಕ್ಕೂ ಹೆಚ್ಚು ಟಿಪ್ಪಣಿಗಳು ಪ್ರಕಟವಾಗಿವೆ. ಲಂಡನ್ನಿನ ಸ್ನೇಹಿತ ಫ್ರೆಡರಿಕ್ ಡಿಕಿನ್ಸ್ ಅವರೊಂದಿಗೆ ಸೇರಿ 13ನೆಯ ಶತಮಾನದ ಜಪಾನಿ ಕೃತಿ ಹೋಜೋಕಿಯನ್ನು ಇಂಗ್ಲಿಷಿಗೆ ಅನುವಾದಿಸಿದರು. ಯುರೋಪಿನ ಸಿಂಡ್ರೆಲಾ ಕಥೆಯನ್ನು ಹೋಲುವ ಕಥೆಯೊಂದು 9ನೆಯ ಶತಮಾನದ ಚೀನೀ ಗ್ರಂಥದಲ್ಲಿ ಇರುವುದನ್ನು 1911ರಲ್ಲಿ ತೋರಿಸಿಕೊಟ್ಟರು. ತಾನಾಬೆಯ ಬೌದ್ಧ ಮಂದಿರವೊಂದರಿಂದ ತ್ರಿಪಿಟಕದ ಸಂಪುಟಗಳನ್ನು ಎರವಲು ತಂದು, ಅವುಗಳಿಂದಲೂ ವಿಪುಲವಾಗಿ ಟಿಪ್ಪಣಿ ಮಾಡಿಕೊಂಡಿದ್ದರು. ಭಾರತೀಯ ಮೂಲದ ಜಾತಕ ಕಥೆಗಳು ಅವರ ಹೋಲಿಕೆಯ ಅಧ್ಯಯನಗಳಲ್ಲಿ ಮತ್ತೆಮತ್ತೆ ಬರುತ್ತವೆ.

1914ರಿಂದ ತೈಯೋ ಎಂಬ ಮಾಸಪತ್ರಿಕೆಯಲ್ಲಿ ಪೂರ್ವ ಏಷ್ಯಾದ ವರ್ಷಚಕ್ರದ ಪ್ರಾಣಿಗಳನ್ನು ಕುರಿತು ಅವರು ಬರೆದ ಲೇಖನಮಾಲೆ ಜೂನಿಶಿಕೋ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಹುಲಿ, ಮೊಲ, ಹಾವು, ಕುದುರೆ ಮುಂತಾದ ಒಂದೊಂದು ಪ್ರಾಣಿಯ ಬಗ್ಗೆಯೂ ನಾನಾ ದೇಶಗಳ ನಂಬಿಕೆ, ಕಥೆ ಮತ್ತು ಪ್ರಾಣಿಶಾಸ್ತ್ರದ ವಿವರಗಳನ್ನು ಈ ಲೇಖನಗಳು ಒಟ್ಟುಗೂಡಿಸುತ್ತವೆ. ಇಷ್ಟಾದರೂ ಲೋಳೆ ಶಿಲೀಂಧ್ರಗಳ ಬಗ್ಗೆ ಅವರು ಸಮಗ್ರ ಗ್ರಂಥವನ್ನು ಬರೆಯಲಿಲ್ಲ. ಅವರ ಜ್ಞಾನದ ಬಹುಭಾಗ ಪತ್ರಗಳಲ್ಲಿ, ದಿನಚರಿಗಳಲ್ಲಿ ಮತ್ತು ಚಿತ್ರಗಳಲ್ಲಿ ಉಳಿಯಿತು. 1925ರಲ್ಲಿ ಸಸ್ಯ ಸಂಶೋಧನಾಲಯವೊಂದಕ್ಕೆ ಹಣ ಸಂಗ್ರಹಿಸುವ ಉದ್ದೇಶದಿಂದ ಅವರು ಬರೆದ ಆತ್ಮಪರಿಚಯದ ಪತ್ರ ಏಳು ಮೀಟರಿಗೂ ಹೆಚ್ಚು ಉದ್ದವಿದೆ. ಆ ಸಂಶೋಧನಾಲಯ ಮಾತ್ರ ಅವರು ಬಯಸಿದ ರೂಪದಲ್ಲಿ ಸಾಕಾರಗೊಳ್ಳಲಿಲ್ಲ.

ಚಕ್ರವರ್ತಿಯ ಭೇಟಿ

ಚಕ್ರವರ್ತಿ ಹಿರೋಹಿತೋ ಸ್ವತಃ ಜೀವಶಾಸ್ತ್ರದ ಅಭ್ಯಾಸಿಯಾಗಿದ್ದರು. ಅವರು ಯುವರಾಜರಾಗಿದ್ದಾಗಲೇ, 1926ರಲ್ಲಿ, ಕುಮಾಗುಸು ಮತ್ತು ಅವರ ಶಿಷ್ಯ ಕೋಆಝೆ ಶಿರೋ ಮುಂತಾದವರು ಜಪಾನಿನ ಲೋಳೆ ಶಿಲೀಂಧ್ರಗಳ 90 ಮಾದರಿಗಳನ್ನು ಅವರಿಗೆ ಅರ್ಪಿಸಿದ್ದರು. 1929ರ ಜೂನ್ 1ರಂದು ಚಕ್ರವರ್ತಿ ತಾನಾಬೆ ಕೊಲ್ಲಿಗೆ ಬಂದಾಗ, ಕುಮಾಗುಸು ಹಳೆಯ ಫ್ರಾಕ್ ಕೋಟು ಧರಿಸಿ ಕಾಶಿಮಾ ದ್ವೀಪದಲ್ಲಿ ಅವರನ್ನು ಬರಮಾಡಿಕೊಂಡರು. ಬಳಿಕ ನಾಗಾತೋ ಎಂಬ ಯುದ್ಧನೌಕೆಯಲ್ಲಿ ಸುಮಾರು 25 ನಿಮಿಷ ಉಪನ್ಯಾಸ ನೀಡಿ, ಲೋಳೆ ಶಿಲೀಂಧ್ರಗಳ 110 ಮಾದರಿಗಳನ್ನು ಸಮರ್ಪಿಸಿದರು. ಅರಮನೆಗೆ ಸಲ್ಲಿಸುವ ವಸ್ತುಗಳನ್ನು ಬೆಲೆಬಾಳುವ ಮರದ ಪೆಟ್ಟಿಗೆಯಲ್ಲಿ ಇಡುವುದು ಸಂಪ್ರದಾಯ. ಕುಮಾಗುಸು ಅವುಗಳನ್ನು ಕ್ಯಾರಮೆಲ್ ಮಿಠಾಯಿಯ ಕಾಗದದ ಡಬ್ಬಿಗಳಲ್ಲಿಟ್ಟು ಕೊಟ್ಟ ಪ್ರಸಂಗ ಜಪಾನಿನಲ್ಲಿ ಮನೆಮಾತಾಗಿದೆ.

ಹಿಂದೊಮ್ಮೆ ಸರ್ಕಾರದ ಅಧಿಕಾರಿಯ ಸಭೆಗೆ ನುಗ್ಗಿ ಸೆರೆವಾಸ ಅನುಭವಿಸಿದ್ದ ವ್ಯಕ್ತಿಗೆ ಈ ಭೇಟಿ ದೊಡ್ಡ ಮನ್ನಣೆಯಾಗಿತ್ತು. ಅದು ನಡೆದದ್ದು ಅವರೇ ಉಳಿಸಿಕೊಂಡ ಕಾಡಿನಲ್ಲಿ ಎಂಬುದೂ ಗಮನಾರ್ಹ. 1930ರ ದಶಕದ ಮಧ್ಯದಲ್ಲಿ ಕಾಶಿಮಾ ದ್ವೀಪವನ್ನು ರಾಷ್ಟ್ರೀಯ ನಿಸರ್ಗ ಸ್ಮಾರಕವೆಂದು ಘೋಷಿಸಲಾಯಿತು. 1962ರಲ್ಲಿ ಮತ್ತೆ ಆ ಪ್ರದೇಶಕ್ಕೆ ಬಂದ ಚಕ್ರವರ್ತಿ, ಮಳೆಯಲ್ಲಿ ಮಸುಕಾಗಿ ಕಾಣುತ್ತಿದ್ದ ಕಾಶಿಮಾವನ್ನು ನೋಡಿ ಕುಮಾಗುಸು ಅವರನ್ನು ಹೆಸರಿಸಿ ಕವಿತೆ ರಚಿಸಿದರು.

ದಂತಕಥೆಗಳು

ಕುಮಾಗುಸು ಅವರ ಸುತ್ತ ಅನೇಕ ದಂತಕಥೆಗಳು ಹುಟ್ಟಿಕೊಂಡಿವೆ. ಬೇಸಿಗೆಯಲ್ಲಿ ಮನೆಯೊಳಗೆ ಬಹುತೇಕ ಬರಿಮೈಯಲ್ಲಿರುತ್ತಿದ್ದದ್ದು, ಅತಿಯಾದ ಮದ್ಯಪಾನ, ಬೆಕ್ಕು ಮತ್ತು ಆಮೆಗಳ ಮೇಲಿನ ಅಕ್ಕರೆ ಮುಂತಾದವುಗಳಿಗೆ ಆಧಾರಗಳಿವೆ. ಅವರು ಹದಿನೆಂಟು ಹತ್ತೊಂಬತ್ತು ಭಾಷೆಗಳನ್ನು ಬಲ್ಲವರಾಗಿದ್ದರು ಎಂಬಂತಹ ಮಾತುಗಳು ಉತ್ಪ್ರೇಕ್ಷೆಗಳೆಂದು ಇತ್ತೀಚಿನ ಸಂಶೋಧಕರು ಅಭಿಪ್ರಾಯಪಡುತ್ತಾರೆ. ಅವರ ಟಿಪ್ಪಣಿಗಳು ಮತ್ತು ದಿನಚರಿಗಳು ಪ್ರಕಟವಾದಂತೆಲ್ಲ ವಿಲಕ್ಷಣ ಪ್ರತಿಭೆಯ ಚಿತ್ರಕ್ಕಿಂತ, ದಿನವೂ ಬಿಡದೆ ದುಡಿದ ಶ್ರಮಜೀವಿಯ ಚಿತ್ರ ಸ್ಪಷ್ಟವಾಗುತ್ತಿದೆ.

ನಿಧನ ಮತ್ತು ಸ್ಮರಣೆ

ಕುಮಾಗುಸು ಅವರು 1941ರ ಡಿಸೆಂಬರ್ 29ರಂದು ತಾನಾಬೆಯ ತಮ್ಮ ಮನೆಯಲ್ಲಿ ನಿಧನರಾದರು. ಆಗ ಅವರಿಗೆ 74 ವರ್ಷ. ಅವರ ಸಮಾಧಿ ತಾನಾಬೆಯ ಕೋಝಾನ್‌ಜಿ ಮಂದಿರದ ಆವರಣದಲ್ಲಿದೆ. ಅವರ ಮೆದುಳನ್ನು ಒಸಾಕಾ ವಿಶ್ವವಿದ್ಯಾಲಯದಲ್ಲಿ ಸಂರಕ್ಷಿಸಲಾಗಿದೆ.

ಮರಣಾನಂತರ ಬಹುಕಾಲ ಅವರನ್ನು ವಿಲಕ್ಷಣ ಪಂಡಿತರೆಂದಷ್ಟೇ ನೆನೆಯಲಾಗುತ್ತಿತ್ತು. 1970ರ ದಶಕದಲ್ಲಿ 12 ಸಂಪುಟಗಳ ಸಮಗ್ರ ಕೃತಿಗಳು ಪ್ರಕಟವಾದ ಬಳಿಕ, ಸಮಾಜಶಾಸ್ತ್ರಜ್ಞೆ ತ್ಸುರುಮಿ ಕಾಝುಕೋ ತಮ್ಮ ಅಧ್ಯಯನದ ಮೂಲಕ ಅವರನ್ನು ಜಪಾನಿನ ಪರಿಸರ ಚಿಂತನೆಯ ಪೂರ್ವಸೂರಿಯೆಂದು ಪರಿಚಯಿಸಿದರು. ಶಿರಾಹಾಮಾದಲ್ಲಿ 1965ರಲ್ಲಿ ಮಿನಾಕಾಟಾ ಕುಮಾಗುಸು ವಸ್ತುಸಂಗ್ರಹಾಲಯ ಆರಂಭವಾಯಿತು. ತಾನಾಬೆಯಲ್ಲಿ ಅವರ ಹಳೆಯ ಮನೆಯ ಪಕ್ಕದಲ್ಲಿ 2006ರಲ್ಲಿ ದಾಖಲೆಗಳ ಸಂಗ್ರಹಾಲಯ ಸ್ಥಾಪನೆಯಾಯಿತು. ಅವರ ಶಿಲೀಂಧ್ರ ಮಾದರಿಗಳು ತ್ಸುಕುಬಾದಲ್ಲಿರುವ ರಾಷ್ಟ್ರೀಯ ನಿಸರ್ಗ ಮತ್ತು ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿವೆ. 2004ರಲ್ಲಿ ಕಿಯಿ ಬೆಟ್ಟಗಳ ಪವಿತ್ರ ಕ್ಷೇತ್ರಗಳು ಮತ್ತು ಯಾತ್ರಾಮಾರ್ಗಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಾಚಿ ಜಲಪಾತ ಮತ್ತು ಅದರ ಸುತ್ತಲಿನ ಹಳೆಯ ಕಾಡು ಆ ತಾಣದ ಭಾಗವಾಗಿವೆ.